ಬಸುರಿ ಮರಕ್ಕೆ ಬಗ್ಗಿಸಿದ ಕೊಡ

ಚೈತ್ರಾ, ಕೊಟ್ರೇಶ,

ಹೋದ ಭಾನುವಾರ ಹರಪನಹಳ್ಳಿಯ ನಿಮ್ಮ ಮನೆಯಲ್ಲಿ ಇಬ್ಬರೂ ಸೇರಿ ಗೋಬಿ ಮಂಚೂರಿ ಮಾಡುತ್ತೇವೆಂದು ಅಡುಗೆಮನೆಗೆ ನುಗ್ಗಿದಿರಲ್ಲ, ಆಗ ಕೊಟ್ರೇಶ ವಿನೆಗರ್ ಬಾಟಲಿಯ ಮುಚ್ಚಳ ತಿರುಗಿಸಿದ. ಆ ಹುಳಿ ಗಾಟು ಮೂಗಿಗೆ ಬಡಿದದ್ದೇ ತಡ, ಹೂಕೋಸು ಬಿಡಿಸುತ್ತ ಕೂತಿದ್ದ ನಾನು ಒಬ್ಬಳೇ ನಗತೊಡಗಿದೆ. ಯಾಕೆಂದು ನೀವು ಎಷ್ಟು ಕೇಳಿದರೂ ಹೇಳಲಿಲ್ಲ. ಚೈತ್ರಾ ಮುಖ ಊದಿಸಿಕೊಂಡಳು. ಹೇಳಬಾರದೆಂದಲ್ಲ ಮಕ್ಕಳೇ, ಬಾಯಿ ತೆಗೆದರೆ ಮಾತನ್ನು ಯಾವ ತುದಿಯಿಂದ ಹಿಡಿಯಬೇಕೋ ನನಗೆ ತಿಳಿಯುವುದಿಲ್ಲ. ನಮ್ಮೂರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದೆ. ಆ ಏಳು ವರ್ಷದಲ್ಲಿ ಒಂದು ದಿನವೂ ಎದ್ದು ನಿಂತು ಉತ್ತರ ಹೇಳಿದವಳಲ್ಲ. ಮೇಷ್ಟ್ರು ಕೇಳಿದರೆ ಸ್ಲೇಟಿನ ಮೇಲೆ ಬರೆದು ಎತ್ತಿ ತೋರಿಸುತ್ತಿದ್ದೆ. ಈಗಲೂ ಅದೇ ದಾರಿ ಹಿಡಿದಿದ್ದೇನೆ.

ಮೂರು ವರ್ಷದ ಹಿಂದೆ ಮಳೆ ಕೈಕೊಟ್ಟಾಗ ನೀವಿನ್ನೂ ಚಿಕ್ಕವರು. ಮುಂಗಾರಿಗೆ ಬಿತ್ತಿದ ಮೆಕ್ಕೆಜೋಳ ಮೊಣಕಾಲೆತ್ತರ ಬಂದು, ಎಲೆ ಸುರುಳಿ ಸುತ್ತಿಕೊಂಡು ನಿಂತುಬಿಟ್ಟಿತು. ಮಧ್ಯಾಹ್ನದ ಹೊತ್ತಿಗೆ ಕೊಟ್ಟೂರಿನ ದಿಕ್ಕಿನಿಂದ ಮೋಡ ಕಟ್ಟಿಕೊಂಡು ಬರುವುದು, ನಮ್ಮ ತಲೆಯ ಮೇಲೆ ಬಂದು ಬಿಚ್ಚಿಕೊಂಡು ಹೋಗುವುದು. ಸೀಗಿ ಹುಣ್ಣಿಮೆಗೆ ಬಸುರಿ ಭೂಮಿಗೆ ಬಯಕೆಯೂಟವೆಂದು ನಾವು ಹೊಲದಲ್ಲಿ ಚರಗ ಚೆಲ್ಲುತ್ತೇವಲ್ಲ, ಆ ವರ್ಷ ಚರಗ ಚೆಲ್ಲಿದ್ದು ಒಣ ದಂಟಿನ ನಡುವೆ. ಕೂಡ್ಲಿಗಿ ಸೀಮೆಯ ನಮ್ಮೂರ ಸುತ್ತ ಹಸಿರು ಎನ್ನುವುದು ಉಳಿದದ್ದು ಒಂದೇ ಕಡೆ, ಹಳ್ಳದ ದಂಡೆಯ ಈಚಲ ವನದಲ್ಲಿ. ಆ ವನವೇ ನನ್ನ ಬದುಕು. ನಿಮ್ಮ ತಾತ ಗರಿ ಕಡಿದು ತರುತ್ತಿದ್ದರು, ನಾನು ಕಸಬರಿಗೆ ಕಟ್ಟುತ್ತಿದ್ದೆ. ಅವರು ಹೋದ ಮೇಲೆ ಗರಿ ಕಡಿಯುವ ಕತ್ತಿಯೂ ನನ್ನ ಕೈಗೇ ಬಂತು.

ಆ ಹುಣ್ಣಿಮೆ ಕಳೆದ ವಾರ ಒಬ್ಬ ಹುಡುಗಿ ನಮ್ಮ ಮನೆಯ ಮುಂದೆ ಬಂದು ನಿಂತಳು. ಹೆಗಲಿಗೆ ಬ್ಯಾಗು, ತಲೆಯ ಮೇಲೆ ದುಪಟ್ಟಾ, ಕಾಲಲ್ಲಿ ಗಂಡಸರ ಬೂಟು. ಹೆಸರು ಶಾಹಿನ್. ಅವರಪ್ಪ ಹರಪನಹಳ್ಳಿಯಲ್ಲಿ ಮೆಕ್ಕೆಜೋಳ ಒಕ್ಕುವ ಮಷಿನ್ನು, ಟ್ರ್ಯಾಕ್ಟರು ರಿಪೇರಿ ಮಾಡುತ್ತಾರೆ. ಇವಳು ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿಗೆ ಓದುತ್ತಿದ್ದಳು. ಕಾನಹೊಸಹಳ್ಳಿಯಲ್ಲಿ ಬಸ್ಸಿಳಿದು, ಹೂವಿಲ್ಲದ ಕಾಲದಲ್ಲಿ ಈಚಲ ಮರದ ಗಂಡು ಹೆಣ್ಣು ಗುರುತಿಸುವವರು ಯಾರಿದ್ದಾರೆ ಎಂದು ಚಹದಂಗಡಿಯಲ್ಲಿ ಕೇಳಿದಳಂತೆ. ಅಲ್ಲಿದ್ದವರು ನಕ್ಕು ನನ್ನ ಮನೆ ತೋರಿಸಿದ್ದಾರೆ.

ಈಚಲಲ್ಲಿ ಗಂಡುಮರ ಬೇರೆ, ಹೆಣ್ಣುಮರ ಬೇರೆ. ಹೂವಿನ ಕಾಲದಲ್ಲಿ ಯಾರು ಬೇಕಾದರೂ ಹೇಳಬಹುದು. ಗಂಡುಮರದ ಕೆಳಗೆ ಹೋದರೆ ತಲೆಯ ಮೇಲೆ ಹಿಟ್ಟು ಉದುರಿದಂತೆ ಬಿಳಿ ಪುಡಿ ಬೀಳುತ್ತದೆ; ಹೆಣ್ಣುಮರದಲ್ಲಿ ಹಳದಿ ಕಡ್ಡಿಗಳ ಮೇಲೆ ಹಸಿರು ಮಣಿ ಪೋಣಿಸಿದಂತೆ ಕಾಯಿ ಕೂರುತ್ತದೆ. ಉಳಿದ ಕಾಲದಲ್ಲಿ ಹಳೆಯ ಕಡ್ಡಿ ನೋಡಬೇಕು. ಹೆಣ್ಣುಮರದ್ದು ಹಣ್ಣಿನ ಭಾರಕ್ಕೆ ಬಗ್ಗಿ, ಒಣಗಿದ ಮೇಲೂ ಬಗ್ಗಿಯೇ ಇರುತ್ತದೆ. ಗಂಡುಮರದ್ದು ಭಾರವನ್ನೇ ಕಂಡಿಲ್ಲ, ನೆಟ್ಟಗೆ ನಿಂತಲ್ಲೇ ಪುಡಿಯಾಗುತ್ತದೆ. ನಾನು ಮುಂದೆ ಮುಂದೆ ಹೋಗಿ ಮರ ಮುಟ್ಟಿ ಗಂಡು, ಹೆಣ್ಣು ಎನ್ನುತ್ತ ಹೋದೆ. ಅವಳು ಹಿಂದಿನಿಂದ ಸುಣ್ಣದಲ್ಲಿ ನಂಬರು ಬರೆಯುತ್ತ ಬಂದಳು. ಇಪ್ಪತ್ತು ಗಂಡು, ಇಪ್ಪತ್ತು ಹೆಣ್ಣು. ಆ ಸಂಜೆ ನಾನು ಆಡಿದ್ದು ಅವೆರಡೇ ಮಾತು.

ಅವಳಿಗೆ ಬೇಕಾಗಿದ್ದದ್ದು ಬರ. ಅದನ್ನು ಹೇಳುವಾಗ ಅವಳಿಗೇ ನಾಚಿಕೆಯಾಗಿ ದನಿ ಇಳಿಸಿದಳು. ಬೇರಿಗೆ ಅಂಟಿಕೊಂಡು ಬದುಕುವ ಒಂದು ಬಗೆಯ ಬೂಷ್ಟು ಇದೆಯಂತೆ. ರೊಟ್ಟಿ ಹಳಸಿದರೆ ಬರುತ್ತದಲ್ಲ, ಆ ಕುಲದ್ದೇ, ಆದರೆ ಕೆಡಿಸುವಂಥದ್ದಲ್ಲ. ಬೇರು ತೂರಲಾರದ ಮಣ್ಣಿನ ಸಂದಿಗೆ ಅದು ಕೂದಲಿಗಿಂತ ಸಣ್ಣ ದಾರ ಬಿಟ್ಟು ನೀರು, ಸಾರ ಎಳೆದು ತರುತ್ತದೆ. ಮರ ಅದಕ್ಕೆ ಎಲೆಯಲ್ಲಿ ತಯಾರಾದ ಸಿಹಿ ಕೊಡುತ್ತದೆ. ನೀರಿಲ್ಲದ ವರ್ಷ ಈ ಬೂಷ್ಟು ಗಂಡುಮರಕ್ಕೆ ಎಷ್ಟು ಆಸರೆ, ಹೆಣ್ಣುಮರಕ್ಕೆ ಎಷ್ಟು ಆಸರೆ, ಇಬ್ಬರಿಗೂ ಒಂದೇ ಸಮನೋ ಬೇರೆ ಬೇರೆಯೋ, ಅದು ಅವಳ ಪ್ರಶ್ನೆ. ಹೆಣ್ಣುಮರ ಕಾಯಿ ಹೊರಬೇಕು, ಗಂಡಿಗೆ ಆ ಹೊರೆಯಿಲ್ಲ. ಈ ಪ್ರಶ್ನೆ ಕೇಳಿದೊಡನೆ ನನ್ನ ಮೈ ಜುಮ್ಮೆಂದಿತು. ಮೂವತ್ತು ವರ್ಷ ಆ ಮರಗಳ ನಡುವೆ ಓಡಾಡಿದ ನನಗೆ ಇದನ್ನು ಕೇಳಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ.

“ಇಂಥ ವರ್ಷ ಮತ್ತೆ ಯಾವಾಗ ಸಿಗತೈತೋ ಗೊತ್ತಿಲ್ಲ ಅಮ್ಮಾ. ಈ ನಲವತ್ತು ಮರಕ್ಕೆ ಯಾರೂ ಒಂದು ಹನಿ ನೀರು ಬಿಡಬಾರದು, ನೋಡ್ಕೋಬೇಕು ನೀವು,” ಅಂದಳು ಶಾಹಿನ್. ನಾನು ತಲೆಯಾಡಿಸಿದೆ. ಅವಳ ಮನೆಯಲ್ಲಿ ಮದುವೆಯ ಮಾತು ನಡೆಯುತ್ತಿತ್ತು, ಈ ಒಂದು ವರ್ಷಕ್ಕೆಂದು ಅಪ್ಪನನ್ನು ಒಪ್ಪಿಸಿ ಬಂದಿದ್ದಳು. ಆ ವರ್ಷ ಕೆಟ್ಟರೆ ಓದೂ ಅಲ್ಲಿಗೇ ನಿಲ್ಲುವುದೆಂದು ನನಗೂ ಗೊತ್ತಿತ್ತು.

ಮೊದಲು ಬೂಷ್ಟು ಬೆಳೆಸಬೇಕು. ಅದು ಗಾಳಿಯಲ್ಲಿ ಬೆಳೆಯುವುದಿಲ್ಲ, ಜೀವಂತ ಬೇರೇ ಬೇಕು. ವನದ ಹಳೆಯ ಮರಗಳ ಬುಡದ ಮಣ್ಣು ತಂದು, ಕುಂಡಗಳಿಗೆ ತುಂಬಿ, ಜೋಳ ಹಾಕಿದೆವು. ನಮ್ಮ ಹಿತ್ತಲಲ್ಲೇ ಎರಡು ತಿಂಗಳು ಬೆಳೆಸಿ ಆಮೇಲೆ ನೀರು ನಿಲ್ಲಿಸಿದೆವು. ಜೋಳ ಒಣಗಿದಾಗ ಬೂಷ್ಟು ಮಣ್ಣಿನಲ್ಲಿ ಬೀಜ ಕಟ್ಟುತ್ತದಂತೆ. ಆ ಮಣ್ಣು, ಬೇರಿನ ಚೂರು ಎಲ್ಲ ಸೇರಿ ಮರದ ಬುಡಕ್ಕೆ ಔಷಧ. ಆದರೆ ಅರ್ಧ ಮರಗಳಿಗೆ ಮಾತ್ರ. ಉಳಿದರ್ಧಕ್ಕೂ ಅದೇ ಮಣ್ಣೇ, ಆದರೆ ಬೂಷ್ಟು ಸಾಯುವಂತೆ ಬೇಯಿಸಿದ್ದು. ಬೇಯಿಸಿದ್ದು ಎಂದರೆ ನಿಜವಾಗಿಯೂ ಒಲೆಯ ಮೇಲೆ! ಮದುವೆಗೆ ಅನ್ನ ಮಾಡುವ ಹಂಡೆ ತಂದು, ಒಳಗೆ ನೀರಿಟ್ಟು, ಮೇಲೆ ಗೋಣಿಚೀಲದಲ್ಲಿ ಮಣ್ಣಿಟ್ಟು, ಇಡ್ಲಿಯ ಹಾಗೆ ಹಬೆಯಲ್ಲಿ ಬೇಯಿಸಿದೆವು. ಪಕ್ಕದ ಮನೆಯ ಹುಲಿಗೆಮ್ಮ ಕಾಂಪೌಂಡಿನ ಮೇಲಿಂದ ಇಣುಕಿ ನೋಡಿದಳು. ಬಾಯಿ ಎಂದರೆ ಅವಳದು.

“ಏನ್ಲೇ ಓಬಮ್ಮ, ಮಣ್ಣು ಬೆಂದೈತೇನು? ಉಪ್ಪು ನೋಡಿದೇನು? ಸಾರಿಗೆ ಒಗ್ಗರಣಿ ನಾ ಹಾಕ್ಲೇನು?”

ಶಾಹಿನ್ ನಕ್ಕು ನಕ್ಕು ಬೂದಿಯ ಮೇಲೆ ಕೂತುಬಿಟ್ಟಳು. ಊರಲ್ಲಿ ಒಂದು ವಾರ ಅದೇ ಮಾತು.

ಯಾವ ಮರಕ್ಕೆ ಹಸಿ ಮಣ್ಣು, ಯಾವುದಕ್ಕೆ ಬೆಂದ ಮಣ್ಣು ಎಂಬುದನ್ನು ನಾವು ಆರಿಸಲಿಲ್ಲ. ಚೀಟಿ ಬರೆದು ಡಬ್ಬಿಗೆ ಹಾಕಿ ಅಲ್ಲಾಡಿಸಿ, ನನ್ನ ಕೈಯಲ್ಲೇ ಎತ್ತಿಸಿದಳು. ಗಂಡಿನಲ್ಲಿ ಹತ್ತು ಹಸಿ, ಹತ್ತು ಬೆಂದದ್ದು, ಹೆಣ್ಣಿನಲ್ಲೂ ಹಾಗೇ. ಸಂಕ್ರಾಂತಿಯ ಮರುದಿನ ಬುಡ ಕೆದಕಿ ಮಣ್ಣು ಕೊಟ್ಟೆವು. ಎಲ್ಲ ಮರದ ಬೇರಲ್ಲೂ ಬೂಷ್ಟು ಅಷ್ಟಿಷ್ಟು ಇದ್ದೇ ಇರುತ್ತದೆ, ಹಸಿ ಮಣ್ಣಿನವಕ್ಕೆ ನಾವು ಹೆಚ್ಚು ಕೊಟ್ಟಿದ್ದೇವೆ ಅಷ್ಟೇ ಎಂದು ಶಾಹಿನ್ ತಿಳಿಸಿ ಹೇಳಿದಳು.

ಹತ್ತು ದಿನಕ್ಕೊಮ್ಮೆ ಅವಳು ಬರುವಳು. ಅವಳು ಏಣಿ ಹತ್ತಿ ಸುಳಿ ಎಷ್ಟು ಬೆಳೆದಿದೆ, ಎಷ್ಟು ಗರಿ ಒಣಗಿದೆ, ಗೊಂಚಲಲ್ಲಿ ಎಷ್ಟು ಕಾಯಿ ಎಂದು ಕೂಗಿ ಹೇಳುವಳು. ನಾನು ಕೆಳಗೆ ನಿಂತು ಪುಸ್ತಕದಲ್ಲಿ ಬರೆಯುವೆನು. ನನ್ನ ಅಕ್ಷರ ಅವಳಿಗಿಂತ ಚೆನ್ನಾಗಿತ್ತು. ಪ್ರತಿ ಸಾಲಿನ ಕೊನೆಗೆ ‘ವಿಶೇಷ’ ಎಂದು ಒಂದು ಮನೆ ಇತ್ತು. ಅದನ್ನು ನನಗೇ ಬಿಟ್ಟಿದ್ದಳು. ‘ಆಡು ಸುಳಿ ಕಡಿದಿದೆ’, ‘ಗೀಜಗ ಗೂಡು ಕಟ್ಟಿದೆ’. ಹದಿನೇಳನೆಯ ನಂಬರಿನ ಗಿಡ್ಡ ಮರದ ಮುಂದೆ ‘ಕರಡಿ ತಿಂದಿದೆ’ ಎಂದು ಬರೆದಾಗ ಅವಳಿಗೆ ನಂಬಿಕೆ ಬರಲಿಲ್ಲ. ತೊಗಟೆಯ ಮೇಲಿನ ಉಗುರಿನ ಗೀರು ತೋರಿಸಿದೆ. ಆಮೇಲಿಂದ ಒಬ್ಬಳೇ ವನಕ್ಕೆ ಹೋಗುವುದನ್ನು ಬಿಟ್ಟಳು.

ಈಗ ವಿನೆಗರ್ ವಿಷಯ. ಶಿವರಾತ್ರಿ ಕಳೆದ ಮೇಲೆ ಒಂದು ದಿನ ಅವಳು ಸೂಕ್ಷ್ಮದರ್ಶಕ ತಂದಳು. ಏಳನೆಯ ತರಗತಿಯ ಪುಸ್ತಕದಲ್ಲಿ ಅದರ ಚಿತ್ರ ನೋಡಿದ್ದೆ, ಅಷ್ಟೇ. ನಲವತ್ತು ಮರದಿಂದಲೂ ದಾರದಂಥ ಎಳೆಬೇರು ಕತ್ತರಿಸಿ ತಂದೆವು. ಅವನ್ನು ಕ್ಷಾರದ ನೀರಿನಲ್ಲಿ ಕುದಿಸಿ ಬೆಳ್ಳಗೆ ಮಾಡಿ, ತೊಳೆದು, ವಿನೆಗರಿನಲ್ಲಿ ಅದ್ದಿ, ಆಮೇಲೆ ಪೆನ್ನಿಗೆ ತುಂಬುವ ನೀಲಿ ಶಾಯಿಗೆ ಮತ್ತೆ ವಿನೆಗರ್ ಬೆರೆಸಿ ಅದರಲ್ಲಿ ಬಿಸಿ ಮಾಡಬೇಕು. ನನ್ನ ಒಲೆ, ನನ್ನ ಹಳೆಯ ಸ್ಟೀಲ್ ಲೋಟಗಳು. ಮನೆಯೆಲ್ಲ ಹುಳಿ ಹೊಗೆ. ಕೈ ಮೊಣಕೈವರೆಗೆ ನೀಲಿ. ಹುಲಿಗೆಮ್ಮ ಬಂದು ಮೂಗು ಮುಚ್ಚಿಕೊಂಡು, ಯಾವ ಊರ ಉಪ್ಪಿನಕಾಯಿ ಇದು ಎಂದು ಕೇಳಿದಳು.

ಅಂಗಳದ ಬಿಸಿಲಿಗೆ ಕನ್ನಡಿ ತಿರುಗಿಸಿ ಶಾಹಿನ್ ನನ್ನನ್ನು ಕರೆದಳು. ಒಂದು ಕಣ್ಣು ಮುಚ್ಚಲು ಬಾರದೆ ಕೈಯಿಂದ ಒತ್ತಿ ಹಿಡಿದು ನೋಡಿದೆ. ಮೊದಲು ಏನೂ ಇಲ್ಲ, ಬರೀ ಬೆಳಕು. ಆಮೇಲೆ ಅವಳು ತಿರುಪು ತಿರುಗಿಸಿದಂತೆ ಒಳಗಿನದು ಒಮ್ಮೆಲೇ ಎದ್ದು ನಿಂತಿತು. ಬೇರೆಂಬುದು ಇಟ್ಟಿಗೆ ಜೋಡಿಸಿದ ಗೋಡೆಯ ಹಾಗೆ ಕಾಣುತ್ತಿತ್ತು. ಇಟ್ಟಿಗೆಗಳ ಸಂದಿಯಲ್ಲಿ ನೀಲಿ ದಾರ ಹರಿದಾಡಿತ್ತು. ಕೆಲವು ಇಟ್ಟಿಗೆಗಳ ಒಳಗೆ ಆ ದಾರ ಟಿಸಿಲೊಡೆದು, ಟಿಸಿಲು ಮತ್ತೆ ಟಿಸಿಲೊಡೆದು, ಪುಟಾಣಿ ಮರಗಳೇ ನಿಂತಿದ್ದವು. ಬೇರಿನ ಒಳಗೆ ಮರ! ಮಕ್ಕಳೇ, ನನಗೆ ಅಳು ಬಂತೋ ನಗು ಬಂತೋ ತಿಳಿಯದು. ಓಡಿ ಹೋಗಿ ಹುಲಿಗೆಮ್ಮನ ಕೈ ಹಿಡಿದು ಎಳೆದು ತಂದೆ. ಯಾರ ಮನೆ ಬಾಗಿಲಿಗೂ ಹೋಗದ ನಾನು ಎಳೆದದ್ದು ಕಂಡು ಅವಳು ಯಾರಿಗೋ ಏನೋ ಆಗಿದೆ ಎಂದುಕೊಂಡಳಂತೆ. ಮಧ್ಯಾಹ್ನದೊಳಗೆ ನಮ್ಮ ಓಣಿಯ ಹೆಂಗಸರೆಲ್ಲ ಸಾಲುಗಟ್ಟಿ ಒಂದು ಕಣ್ಣು ಒತ್ತಿಕೊಂಡು ನೋಡಿ ಹೋದರು.

ಚೈತ್ರ ಬಂತು, ವೈಶಾಖ ಬಂತು. ಅಡ್ಡಮಳೆ ಎಂದು ಬೀಳುವ ನಾಲ್ಕು ಹನಿಯೂ ಇಲ್ಲ. ಊರ ನಲ್ಲಿ ನಿಂತಿತು. ಹಳ್ಳದ ಆಚೆ ಒಬ್ಬರ ತೋಟದ ಬೋರಿನಲ್ಲಿ ಮಾತ್ರ ನೀರು, ಪುಣ್ಯಾತ್ಮರು ಬೆಳಿಗ್ಗೆ ಒಂದು ತಾಸು ಬಿಡುತ್ತಿದ್ದರು. ಹೆಂಗಸರೆಲ್ಲ ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು ಕೊಡ ಹೊತ್ತು ಈಚಲ ವನದ ನಡುವಿನ ಕಾಲುದಾರಿಯಲ್ಲಿ ಮನೆಗೆ ಬರುತ್ತಿದ್ದೆವು. ಅದೇ ಹೊತ್ತಿಗೆ ಹೆಣ್ಣುಮರಗಳಲ್ಲಿ ಕಾಯಿ ತುಂಬಿಕೊಳ್ಳುವ ಕಾಲ. ಹಸಿರು ಗೊಂಚಲು ಭಾರಕ್ಕೆ ಬಾಗಿ ಜೋತಿದ್ದವು.

ನಮ್ಮೂರಲ್ಲಿ ಒಂದು ನಡತೆ ಇದೆ. ತುಂಬಿದ ಕೊಡ ಹೊತ್ತವಳು ಬಸುರಿ ಹೆಂಗಸನ್ನು ಕಂಡರೆ ಹಾಗೇ ದಾಟಬಾರದು. ಅವಳು ಕೇಳಲಿ ಬಿಡಲಿ, ಸೊಂಟದ ಕೊಡ ಬಗ್ಗಿಸಿ ಬೊಗಸೆಗೆ ನೀರು ಕೊಟ್ಟು ಮುಂದೆ ಹೋಗಬೇಕು. ನಿಮ್ಮಮ್ಮ ನನ್ನ ಹೊಟ್ಟೆಯಲ್ಲಿದ್ದಾಗ ಬಾವಿಯಿಂದ ಮನೆ ಮುಟ್ಟುವುದರೊಳಗೆ ಐದಾರು ಮಂದಿಯ ನೀರು ಕುಡಿದು ಸಾಕಾಗುತ್ತಿತ್ತು, ಬೇಡವೆನ್ನುವ ಹಾಗಿರಲಿಲ್ಲ. ಅದು ನಮ್ಮ ಕೈಗೆ ಬಂದ ಅಭ್ಯಾಸ. ಕಾಯಿ ಹೊತ್ತು ಬಾಗಿದ ಮರ ಎದುರಾದಾಗ ನನ್ನ ಕೊಡ ತಾನೇ ಬಗ್ಗಿತು. ಮರುದಿನವೂ ಬಗ್ಗಿತು. ಅದನ್ನು ನೀರು ಬಿಡುವುದು ಎಂದು ನಾನು ತಿಳಿಯಲೇ ಇಲ್ಲ. ನೀರು ಬಿಡುವುದೆಂದರೆ ಪೈಪು, ಕಾಲುವೆ. ಉಪವಾಸದ ದಿನ ಅಡುಗೆಯ ಉಪ್ಪು ನೋಡಿದ್ದನ್ನು ಊಟವೆಂದು ಯಾರಾದರೂ ಅನ್ನುತ್ತಾರೆಯೇ? ಶಾಹಿನಳಿಗೆ ಕೊಟ್ಟ ಮಾತನ್ನು ಮುರಿಯುತ್ತಿದ್ದೇನೆ ಎಂಬ ಯೋಚನೆ ಆ ಎರಡು ತಿಂಗಳಲ್ಲಿ ಒಮ್ಮೆಯೂ ಬರಲಿಲ್ಲ.

ಮುಂಗಾರು ಮತ್ತೆ ತಡವಾಯಿತು. ಕಾಯಿ ಹಳದಿಗೆ ತಿರುಗುವ ಹೊತ್ತಿಗೆ ಶಾಹಿನ್ ಬಂದು ಎರಡು ದಿನ ನಮ್ಮ ಮನೆಯಲ್ಲೇ ಕೂತು ಪುಸ್ತಕದ ಅಂಕಿಗಳನ್ನು ಕೂಡಿಸಿ ಭಾಗಿಸಿದಳು. ಎರಡನೆಯ ದಿನ ಬೆಳಿಗ್ಗೆ ಅಂಗಳಕ್ಕೆ ಓಡಿ ಬಂದು ನನ್ನ ಎರಡೂ ಕೈ ಹಿಡಿದಳು. ಹಸಿ ಮಣ್ಣು ಕಂಡ ಗಂಡುಮರಗಳು ಬರದಲ್ಲೂ ಹೊಸ ಸುಳಿ ನೂಕಿವೆ, ಬೆಂದ ಮಣ್ಣಿನ ಗಂಡುಮರಗಳು ನಿಂತಲ್ಲೇ ನಿಂತಿವೆ. ಆದರೆ ಹೆಣ್ಣುಮರದಲ್ಲಿ ಹಸಿಗೂ ಬೆಂದದ್ದಕ್ಕೂ ಅಂಥ ವ್ಯತ್ಯಾಸವೇ ಇಲ್ಲ! ಎರಡರಲ್ಲೂ ಹೆಚ್ಚಿನ ಮರಗಳಲ್ಲಿ ಗೊಂಚಲು ಉಳಿದಿವೆ. ಅಂದರೆ ಬೂಷ್ಟು ಗಂಡಿಗೆ ಮಾತ್ರ ಆಸರೆ, ಹೆಣ್ಣಿಗೆ ಅದರ ಹಂಗಿಲ್ಲ. ಹೀಗೆ ಹಿಂದೆ ಯಾರೂ ಹೇಳಿಲ್ಲ ಎಂದು ಕುಣಿದಾಡಿದಳು. ಫೋನು ಮಾಡಿ ತನ್ನ ಗೈಡ್ ಸರ್ ಅವರನ್ನು ಮರುದಿನವೇ ಬರಲು ಒಪ್ಪಿಸಿದಳು. ನಾನೂ ಅವಳ ಜೊತೆ ಕುಣಿದೆ.

ರೊಟ್ಟಿ ಬಡಿಯುವಾಗ ಆ ಮಾತು ಮತ್ತೆ ನೆನಪಾಯಿತು. ಬೆಂದ ಮಣ್ಣಿನ ಹೆಣ್ಣುಮರಗಳಲ್ಲಿ ಗೊಂಚಲು ಉಳಿದಿವೆ. ಯಾವುವು? ಒಂಬತ್ತು, ಹನ್ನೆರಡು, ಇಪ್ಪತ್ತೆರಡು... ಕಣ್ಣ ಮುಂದೆ ಒಂದೊಂದೇ ಮರ ಬಂತು. ಎಲ್ಲ ಕಾಲುದಾರಿಯ ಮಗ್ಗುಲಿನವು. ನನ್ನ ಕೈಯಾರೆ ಎತ್ತಿದ ಚೀಟಿಯಲ್ಲಿ ಬೆಂದ ಮಣ್ಣಿನ ಹತ್ತು ಹೆಣ್ಣುಮರಗಳ ಪೈಕಿ ಆರು ದಾರಿಯ ಬದಿಗೇ ಬಿದ್ದಿದ್ದವು. ದಾರಿಯಿಂದ ದೂರವಿದ್ದ ನಾಲ್ಕು ಕಾಯಿ ಉದುರಿಸಿಕೊಂಡು ಬರಿದಾಗಿದ್ದನ್ನು ಪುಸ್ತಕದಲ್ಲಿ ಬರೆದವಳೂ ನಾನೇ. ಹಂಚಿನ ಮೇಲಿನ ರೊಟ್ಟಿ ಕರಿಯಾಯಿತು. ಹೆಣ್ಣುಮರಕ್ಕೆ ಬೂಷ್ಟಿನ ಹಂಗಿಲ್ಲ ಎನ್ನುವುದು ಸುಳ್ಳು. ಅವಕ್ಕೆ ನೀರು ಸಿಕ್ಕಿತ್ತು.

ಹೇಳಿದರೆ ಆ ಹುಡುಗಿಯ ವರ್ಷ ಹೋಗುತ್ತದೆ. ಹೇಳದಿದ್ದರೆ ಸುಳ್ಳು ಪುಸ್ತಕ ಸೇರುತ್ತದೆ, ಅದನ್ನು ಓದಿ ಇನ್ನಾರೋ ಬರದ ಸೀಮೆಯಲ್ಲಿ ಹೆಣ್ಣುಮರಗಳನ್ನು ಬಿಟ್ಟು ಗಂಡಿಗಷ್ಟೇ ಆ ಮಣ್ಣು ಕೊಡುತ್ತಾರೆ. ಆ ದಿನವೆಲ್ಲ ಹೇಳೋಣವೆಂದು ಅವಳ ಹಿಂದೆ ಮುಂದೆ ಸುಳಿದಾಡಿದೆ. ಅವಳ ಸಂತೋಷದ ಮುಖ ನೋಡಿ ಬಾಯಿ ಕಟ್ಟಿಹೋಯಿತು.

ಮರುದಿನ ಬೆಳಿಗ್ಗೆ ಸರ್ ಕಾರಿನಲ್ಲಿ ಬಂದರು. ಬಿಳಿ ಗಡ್ಡ, ಮೆತ್ತನೆಯ ಮಾತು. ಜೊತೆಗೆ ಇನ್ನಿಬ್ಬರು. ವನದಲ್ಲಿ ಶಾಹಿನ್ ಮರ ತೋರಿಸುತ್ತ ವಿವರಿಸುತ್ತಿದ್ದಳು. ನಾನು ಹಿಂದೆ ನಿಂತು ಪುಸ್ತಕ ತೆರೆದೆ. ಕಾಲುದಾರಿಯ ಬದಿಯ ಒಂದೊಂದು ಹೆಣ್ಣುಮರದ ಮುಂದೆ, ‘ವಿಶೇಷ’ದ ಮನೆಯಲ್ಲಿ, ಬರೆದೆ: ‘ನೀರು ಕುಡಿದಿದೆ’. ಬೆಂದ ಮಣ್ಣಿನವು ಆರು, ಹಸಿ ಮಣ್ಣಿನವು ಎರಡು; ಎಂಟು ಮರ, ಎಂಟು ಸಲ. ಸರ್ ಪುಸ್ತಕ ಕೇಳಿದಾಗ ಕೊಟ್ಟುಬಿಟ್ಟೆ.

ಅವರು ಹಾಳೆ ತಿರುವಿ ಕರಡಿಯ ಸಾಲು ಓದಿ ನಕ್ಕರು. ಮುಂದಿನ ಸಾಲಿಗೆ ಬಂದು ನಿಂತರು. “ನೀರು ಕುಡಿದಿದೆ ಅಂದರೆ ಏನಮ್ಮಾ?”

ಎಲ್ಲರೂ ನನ್ನ ಕಡೆ ತಿರುಗಿದರು. ಈ ಸಲ ಬರೆದು ತೋರಿಸಿದ್ದು ಸಾಲಲಿಲ್ಲ.

“ನಾನ ಕುಡಿಸೀನ್ರಿ,” ಅಂದೆ. ದನಿ ನನಗೇ ಕೇಳಿಸಲಿಲ್ಲ. ಮತ್ತೊಮ್ಮೆ ಗಟ್ಟಿಯಾಗಿ ಅಂದೆ. “ತುಂಬಿದ ಕೊಡ ಹೊತ್ಕಂಡು ಬಸುರಿ ಮುಂದ ನಾವು ಹಂಗ ದಾಟಂಗಿಲ್ರಿ. ದಿನಾ ಇಷ್ಟಿಷ್ಟು ಹಾಕೀನಿ. ಅದಕ್ಕ ಕಾಯಿ ನಿಂತಾವು. ಈ ಹುಡುಗಿದು ತಪ್ಪಿಲ್ಲ, ಆಕಿಗೆ ಗೊತ್ತಿಲ್ಲ.”

ಒಬ್ಬರು ಬಗ್ಗಿಸಿದ ಕೊಡದಿಂದ ಇಷ್ಟು ವ್ಯತ್ಯಾಸ ಆಗುವುದುಂಟೇ ಎಂದು ಸರ್ ಅನುಮಾನದಿಂದ ಕೇಳುತ್ತಿರುವಾಗಲೇ ಬೋರಿನ ಕಡೆಯಿಂದ ಹೆಂಗಸರ ಸಾಲು ಬಂತು. ಮುಂದೆ ಹುಲಿಗೆಮ್ಮ. ಗಂಡಸರನ್ನು ಕಂಡು ಸೆರಗು ಸರಿಮಾಡಿಕೊಂಡಳೇ ಹೊರತು ಹೆಜ್ಜೆ ತಪ್ಪಿಸಲಿಲ್ಲ. ಒಂಬತ್ತನೆಯ ಮರದ ಬಳಿ ಬಂದಳು, ನಡು ಬಾಗಿಸಿ ಕೊಡ ಬಗ್ಗಿಸಿದಳು, ಮುಂದೆ ನಡೆದಳು. ಅವಳ ಹಿಂದಿನವಳು ಹನ್ನೆರಡಕ್ಕೆ. ಅವಳ ಹಿಂದಿನವಳು ಇಪ್ಪತ್ತೆರಡಕ್ಕೆ. ಹೀಗೆ ಹದಿಮೂರು ಹೆಂಗಸರು! ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ನಾನು ಯಾವಾಗಲೂ ಎಲ್ಲರಿಗಿಂತ ಮೊದಲು ನೀರಿಗೆ ಹೋಗಿ ಬರುವವಳು, ಹಿಂದೆ ಬರುವವರು ಏನು ಮಾಡುತ್ತಾರೆಂದು ನನಗೂ ಗೊತ್ತಿರಲಿಲ್ಲ. ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ.

ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಶಾಹಿನ್ ನೆಲದ ಮೇಲೆ ಕೂತಳು. ಎಂಟು ಮರ ಬಿಟ್ಟರೆ ಹೆಣ್ಣು ಹನ್ನೆರಡೇ ಉಳಿಯುತ್ತವೆ, ಅಷ್ಟರ ಮೇಲೆ ಏನನ್ನೂ ಗಟ್ಟಿಯಾಗಿ ಹೇಳುವ ಹಾಗಿಲ್ಲ ಎಂದು ಸರ್ ಹೇಳಿ ಹೋದರು. ಮಧ್ಯಾಹ್ನ ಅವಳು ಬ್ಯಾಗು ತುಂಬಿಕೊಂಡಳು. ಮಾಡಿಟ್ಟ ಊಟ ಮುಟ್ಟಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಕಾನಹೊಸಹಳ್ಳಿಯವರೆಗೆ ಅವಳ ಹಿಂದೆ ಸುಮ್ಮನೆ ನಡೆದು ಹೋಗಿ, ಬಸ್ಸು ಹತ್ತುವುದನ್ನು ನೋಡಿ ಬಂದೆ. ಪುಸ್ತಕ ನನ್ನ ಬಳಿಯೇ ಉಳಿದಿತ್ತು.

ಹತ್ತು ದಿನ ಸುದ್ದಿಯಿಲ್ಲ. ಹತ್ತನೆಯ ದಿನ ಅಳತೆಯ ದಿನ. ಸುಮ್ಮನಿರಲಾರದೆ ನಾನೇ ಏಣಿ ಹತ್ತಿದೆ, ಅಳೆದೆ, ಇಳಿದು ಬರೆದೆ, ಮತ್ತೆ ಹತ್ತಿದೆ. ಇಪ್ಪತ್ತನೆಯ ಮರದ ಮೇಲಿರುವಾಗ ಕೆಳಗೆ ಮೋಟರ್ ಸೈಕಲ್ ಸದ್ದು. ಶಾಹಿನ್ ಅವರಪ್ಪನ ಹಿಂದೆ ಕೂತು ಬಂದಿದ್ದಳು. ಕೈಯಲ್ಲಿ ಗ್ಯಾರೇಜಿನಲ್ಲಿ ಆಯಿಲ್ ಅಳೆಯುವ ಲೀಟರಿನ ಡಬ್ಬಿ.

“ಇಳೀರಿ ಅಮ್ಮಾ,” ಅಂದಳು. “ಹುಲಿಗೆಮ್ಮಾರನ್ನೂ ಕರೀರಿ. ಯಾರು ಯಾವ ಮರಕ್ಕೆ ಎಷ್ಟು ಹಾಕ್ತಿದ್ರಿ, ಎಲ್ಲಾ ಅಳೀಬೇಕು.”

ಅವರಪ್ಪ ಡಬ್ಬಿಯನ್ನು ಲುಂಗಿಯಿಂದ ಒರೆಸುತ್ತ, ಆಯಿಲ್ ವಾಸನೆ ಹೋಗಲೆಂದು ಮೂರು ಸಲ ಸೋಪು ಹಚ್ಚಿ ತೊಳೆದದ್ದು ತಾನೇ ಎಂದು ನನಗೆ ಹೇಳಿದರು. ಮಗಳು ಒಂದು ವಾರ ಮಾತು ಬಿಟ್ಟಿದ್ದಳಂತೆ. ಆಮೇಲೆ ಒಂದು ಬೆಳಿಗ್ಗೆ ಎದ್ದು, ಆ ಎಂಟು ಮರಕ್ಕೆ ಕೊಟ್ಟ ನೀರನ್ನು ಅಳೆದರೆ ಅದೂ ಒಂದು ಲೆಕ್ಕವೇ, ಬೂಷ್ಟು ಇಲ್ಲದ ಹೆಣ್ಣುಮರ ಕಾಯಿ ಉಳಿಸಿಕೊಳ್ಳಲು ದಿನಕ್ಕೆ ಎಷ್ಟು ನೀರು ಬೇಕೆಂದು ಅದರಿಂದ ತಿಳಿಯಬಹುದು ಎಂದಳಂತೆ. ಇನ್ನೊಂದು ವರ್ಷ ಓದಲಿ ಎಂದು ಅವರೂ ಒಪ್ಪಿದ್ದಾರೆ.

ಆ ಸಂಜೆ ನಮ್ಮ ಅಂಗಳದಲ್ಲಿ ನಡೆದದ್ದು ಹಬ್ಬವೇ. ನನ್ನನ್ನೂ ಸೇರಿಸಿ ಹದಿನಾಲ್ಕು ಹೆಂಗಸರು ತಮ್ಮ ತಮ್ಮ ಕೊಡ ತುಂಬಿ ತಂದು, ಮರಕ್ಕೆ ಬಗ್ಗಿಸುತ್ತಿದ್ದಂತೆಯೇ ಬಕೆಟ್ಟಿಗೆ ಬಗ್ಗಿಸಬೇಕು. ಶಾಹಿನ್ ಅಳೆಯುವಳು, ನಾನು ಬರೆಯುವೆನು. ಎಲ್ಲರೂ ತಮ್ಮ ತಮ್ಮ ಮರದ ಗುರುತು ತಪ್ಪದೆ ಹೇಳಿದರು. ನನ್ನದು ಅರ್ಧ ಲೀಟರೂ ಇರಲಿಲ್ಲ. ಹುಲಿಗೆಮ್ಮನದು ಡಬ್ಬಿ ತುಂಬಿ ಚೆಲ್ಲಿತು. ನಮ್ಮ ಬಾಯಿ ದೊಡ್ಡದು, ಕೈಯೂ ದೊಡ್ಡದು ಎಂದು ಅವಳೇ ಹೇಳಿಕೊಂಡಳು. ಒಬ್ಬಳು ನಾಚಿಕೊಂಡು ಅರ್ಧವೇ ಬಗ್ಗಿಸಿದಾಗ ಉಳಿದವರು ಬಿಡಲಿಲ್ಲ, ದಿನಾ ಹಾಕುವಷ್ಟು ಹಾಕು ಎಂದು ಎರಡನೆಯ ಸಲ ಬಗ್ಗಿಸುವಂತೆ ಮಾಡಿದರು.

ಕೊನೆಗೆ ಶಾಹಿನ್ ಮಾತು ತೆಗೆದಳು. ಬರುವ ಬೇಸಿಗೆ ಪೂರ್ತಿ, ಯಾರೂ, ಒಂದು ಹನಿಯೂ ಹಾಕಬಾರದು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದು ಹೇಗಾಗುತ್ತದೆ, ಕೈ ಕೇಳುವುದಿಲ್ಲ ಎಂದರು ಕೆಲವರು. ನೆಲ ಕೆರೆಯುತ್ತ ಕೂತಿದ್ದ ಹುಲಿಗೆಮ್ಮ ಎದ್ದಳು.

“ಮುಖ ನೋಡಿದ್ರ ಕೊಡಬೇಕಾಗತೈತಿ. ನೋಡದಂಗ ಹೋಗಾನ. ಸುತ್ತು ಹಾಕಿ ಬರಾನ.”

ವನವನ್ನು ಬಳಸಿ ಬರುವ ದಾರಿ ಎಂದರೆ ಕಲ್ಲುಗುಡ್ಡ ಹತ್ತಿ ಇಳಿದು ಬರಬೇಕು, ಎರಡರಷ್ಟು ನಡಿಗೆ. ಆ ವರ್ಷವೂ ಮಳೆ ಸಾಲಲಿಲ್ಲ. ಮುಂದಿನ ಬೇಸಿಗೆಯಲ್ಲಿ ಆ ಹದಿನಾಲ್ಕು ಹೆಂಗಸರು, ನನ್ನ ಸಮೇತ, ತುಂಬಿದ ಕೊಡ ಹೊತ್ತು ದಿನವೂ ಆ ಗುಡ್ಡ ಹತ್ತಿಳಿದೆವು. ಮುಂಗಾರು ಬಂದು ನಲ್ಲಿ ಹರಿಯುವವರೆಗೂ ಒಬ್ಬಳೂ ವನದ ಒಳಗೆ ಕೊಡ ಹೊತ್ತು ಕಾಲಿಡಲಿಲ್ಲ. ಶಾಹಿನ್ ಒಮ್ಮೆ ನಮ್ಮ ಜೊತೆ ನಡೆದಳು. ಗುಡ್ಡದ ನೆತ್ತಿಯಲ್ಲಿ ಕೊಡ ಇಳಿಸಿ ಕೂತು ಉಸಿರು ಬಿಟ್ಟವಳು, ಹುಲಿಗೆಮ್ಮ ಇಳಿದು ಮರೆಯಾಗುವವರೆಗೂ ಅವಳ ಬೆನ್ನನ್ನೇ ನೋಡುತ್ತಿದ್ದಳು.

ಆ ವರ್ಷ ತಿಳಿದದ್ದು ಇದು. ಹಸಿ ಮಣ್ಣು ಕಂಡ ಗಂಡುಮರ ಮತ್ತೆ ಸುಳಿ ನೂಕಿತು. ಹಸಿ ಮಣ್ಣು ಕಂಡ ಹೆಣ್ಣುಮರ ಸುಳಿ ನೂಕಲಿಲ್ಲ, ಆದರೆ ಕಾಯಿ ಕೈಬಿಡಲಿಲ್ಲ. ಬೆಂದ ಮಣ್ಣಿನವು ಬರಿದಾದವು. ಬೂಷ್ಟು ಇಬ್ಬರಿಗೂ ತಂದುಕೊಡುತ್ತದೆ, ಗಂಡು ಅದನ್ನು ತನ್ನ ಬೆಳವಣಿಗೆಗೆ ಹಾಕುತ್ತದೆ, ಹೆಣ್ಣು ಹೊಟ್ಟೆಗೆ ಹಾಕುತ್ತದೆ. ನಮ್ಮ ಹಳ್ಳದಲ್ಲಿ ಹೀಗೆ ಕಂಡಿತು, ಬೇರೆ ಕಡೆ ಹೇಗೋ ನೋಡಬೇಕು ಎಂದು ಶಾಹಿನ್ ಈಗ ಎಚ್ಚರದಿಂದ ಹೇಳುತ್ತಾಳೆ. ಅವಳ ಪಿಎಚ್‌ಡಿ ಪುಸ್ತಕದಲ್ಲಿ ಹದಿನಾಲ್ಕು ಹೆಂಗಸರ ಹೆಸರೂ, ಬಗ್ಗಿಸಿದ ನೀರಿನ ಅಳತೆಯೂ ಅಚ್ಚಾಗಿವೆ. ಹುಲಿಗೆಮ್ಮ ಓದುಬರಹ ಬಾರದವಳು, ತನ್ನ ಹೆಸರು ಎಲ್ಲಿದೆಯೆಂದು ತನ್ನ ಬೆರಳನ್ನು ನನ್ನ ಕೈಗೆ ಕೊಟ್ಟು ಮುಟ್ಟಿಸಿಕೊಂಡಳು.

ಆ ಬೇಸಿಗೆ ಉಳಿದ ಹಣ್ಣು ಉದುರಿ, ಮಳೆಯಾದ ಮೇಲೆ ವನದಲ್ಲಿ ಸಸಿ ಎದ್ದವು. ಹನ್ನೊಂದನ್ನು ಬುಡದ ಮಣ್ಣಿನ ಸಮೇತ ಕಿತ್ತು ಹಳ್ಳದ ಆಚೆ ದಂಡೆಗೆ ನಟ್ಟಿದ್ದೇನೆ. ಈಗ ಗೇಣುದ್ದ ಇವೆ, ನೋಡಿದರೆ ಹುಲ್ಲು ಎನ್ನಬೇಕು. ಯಾವುದು ಗಂಡು ಯಾವುದು ಹೆಣ್ಣು ಎಂದು ನನಗೂ ಹೇಳಲಾಗದು, ಶಾಹಿನಳಿಗೂ ಹೇಳಲಾಗದು. ಹೂ ಬಿಡಲು ಇನ್ನೂ ಆರೇಳು ವರ್ಷ ಬೇಕು. ಅಷ್ಟರಲ್ಲಿ ಚೈತ್ರಾ ಕಾಲೇಜಿಗೆ ಬಂದಿರುತ್ತಾಳೆ.

ಈ ಕಾಗದದ ಕೊನೆಯ ಹಾಳೆಯಲ್ಲಿ ಒಂದರಿಂದ ಹನ್ನೊಂದರವರೆಗೆ ಬರೆದು, ಎದುರಿಗೆ ಖಾಲಿ ಬಿಟ್ಟಿದ್ದೇನೆ. ತುಂಬಬೇಕಾದವರು ನೀವು. ಗೆದ್ದಲು ಹತ್ತದ, ನೀರು ತಗಲದ ಕಡೆ ಇದನ್ನು ಜೋಪಾನ ಮಾಡಿ ಇಡಿ. ಮಾಘದಲ್ಲಿ ಹೂವರಳಿದಾಗ ಇಬ್ಬರೂ ಹೋಗಿ, ಒಂದೊಂದೇ ಮರದ ಕೆಳಗೆ ನಿಂತು ನೋಡಿ ಬರೆಯಿರಿ. ಊಹಿಸಿ ಬರೆಯಬೇಡಿ. ತಪ್ಪಿ ಬರೆದರೆ ಅಳಿಸಬೇಡಿ, ಅದರ ಪಕ್ಕದಲ್ಲೇ ಸರಿಯಾದದ್ದನ್ನು ಬರೆಯಿರಿ.